ಏಳನೆಯ ಐಕಾನಿನ ದುರಸ್ತಿ

ದಾಸ್ತಾನು ಪರಿಶೀಲನಾ ಕಚೇರಿಯ ಎರಡನೇ ಕೋಣೆಯಲ್ಲಿರುವ ಏಕೈಕ ಕಂಪ್ಯೂಟರಿನ ಪರದೆಯ ಮೇಲೆ ಇರತಕ್ಕ ಐಕಾನುಗಳ ಸಂಖ್ಯೆ ಏಳು. ಮಳೆಗಾಲ ಹಿಡಿದ ನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಎಣಿಸಿ ನೋಡಲಾಗಿ ಆರು ಕಂಡುಬಂದವು. ಇಲ್ಲದಿದ್ದದ್ದು ಬ್ರೌಸರಿನದು, ಅಂದರೆ ಒತ್ತಿದರೆ ಇಂಟರ್‌ನೆಟ್ಟು ತೆರೆದುಕೊಳ್ಳುವಂಥದ್ದು.

ಎಣಿಸಿದವನು ಗುಮಾಸ್ತ. ಎಣಿಸುವಾಗ ಎದುರಿಗೆ ನಿಂತಿದ್ದವನು ನಾನು. ನನ್ನದು ಕೊಡೆ ವ್ಯಾಪಾರ.

ನಾನು ಅಲ್ಲಿ ನಿಂತಿದ್ದಕ್ಕೆ ಕಾರಣವಿತ್ತು. ನನ್ನ ಗೋದಾಮಿನಲ್ಲಿ ನಾಲ್ಕು ಸಾವಿರ ಕೊಡೆಗಳಿದ್ದವು. ಹಿಂದಿನ ವಾರ ಈ ಕಚೇರಿಯ ಇನ್ಸ್‌ಪೆಕ್ಟರು ಬಂದು ಎಣಿಸಿ ನಾಲ್ಕು ಸಾವಿರದ ಒಂದು ಎಂದು ಬರೆದುಕೊಂಡರು. ಹೆಚ್ಚಿನ ಆ ಒಂದು ಅವರದೇ. ಬಾಗಿಲ ಬಳಿ ಒರಗಿಸಿಟ್ಟಿದ್ದ ತಮ್ಮ ಕೊಡೆಯನ್ನೂ ಸೇರಿಸಿ ಎಣಿಸಿದ್ದರು. ನಾನು ಹೇಳಿದೆ. ಅವರು ಒಪ್ಪಿದರು. ಆದರೆ ಬರೆದಾಗಿತ್ತು. ಬರೆದದ್ದನ್ನು ತಿದ್ದಿದರೆ ತಿದ್ದಿದ್ದಾರೆ ಎಂದಾಗುತ್ತದೆ. ಆದಕಾರಣ ಘೋಷಿಸಿದ್ದಕ್ಕಿಂತ ಹೆಚ್ಚು ದಾಸ್ತಾನು ಎಂದು ಷರಾ ಬರೆದು, ಬೀಗಕ್ಕೆ ಅರಗಿನ ಮೊಹರು ಒತ್ತಿ, ತಮ್ಮ ಕೊಡೆಯನ್ನು ಒಳಗೇ ಬಿಟ್ಟು, ತಲೆಯ ಮೇಲೆ ಫೈಲು ಹಿಡಿದುಕೊಂಡು ನೆನೆಯುತ್ತ ಹೋದರು.

ಮೊಹರು ತೆಗೆಯಲು ಬಿಡುಗಡೆ ಆದೇಶ ಬೇಕು. ಆದೇಶ ಇಲಾಖೆಯ ವೆಬ್‌ಸೈಟಿನಿಂದ ಬರಬೇಕು. ವೆಬ್‌ಸೈಟು ಐಕಾನಿನಿಂದ ತೆರೆಯಬೇಕು. ಐಕಾನು ಇರಲಿಲ್ಲ.

ಕೊಡೆಯ ವ್ಯಾಪಾರ ಎಪ್ಪತ್ತು ದಿನದ್ದು. ಅದರಲ್ಲಿ ಮೊದಲ ಇಪ್ಪತ್ತು ದಿನ ಊರೆಲ್ಲ ಕೊಡೆ ಕೊಳ್ಳುತ್ತದೆ. ಉಳಿದ ಐವತ್ತು ದಿನ ಕೊಡೆ ಕಳೆದುಕೊಂಡವರು ಮಾತ್ರ ಕೊಳ್ಳುತ್ತಾರೆ. ಚಿಲ್ಲರೆ ಅಂಗಡಿ ನನ್ನ ತಂಗಿಯದು, ಬಸ್ ನಿಲ್ದಾಣದ ಎದುರಿಗೆ. ಅವಳ ಮನೆಯಲ್ಲಿ ವರ್ಷವಿಡೀ ಒಲೆ ಉರಿಯುವುದು ಈ ಎಪ್ಪತ್ತು ದಿನದ ಮೇಲೆ. ಆ ದಿನ ಅವಳ ಅಂಗಡಿಯಲ್ಲಿ ತೂಗುಹಾಕಿದ್ದ ಕೊಡೆಗಳು ಹನ್ನೊಂದು.

"ಇಲ್ಲೇ ಇತ್ತು," ಎಂದ ಗುಮಾಸ್ತ, ಪರದೆಯ ಎಡಗಡೆ, ಮೇಲಿನಿಂದ ಮೂರನೆಯ ಖಾಲಿ ಜಾಗದಲ್ಲಿ ಬೆರಳಿಟ್ಟು. "ನಿನ್ನೆ ಸಂಜೆ ನಾನೇ ಕಣ್ಣಾರೆ ನೋಡಿದ್ದೀನಿ."

"ಐಕಾನು ಹೋದರೆ ಹೋಗಲಿ ಸ್ವಾಮಿ. ಬ್ರೌಸರು ಒಳಗೆ ಇರುತ್ತಲ್ಲ."

"ಇರಬಹುದು. ಬಾಗಿಲೇ ಹೋದ ಮೇಲೆ ಮನೆ ಇದ್ದು ಏನು ಪ್ರಯೋಜನ ಯಜಮಾನ್ರೇ?"

ಪಕ್ಕದ ಮೇಜಿನ ಬೆರಳಚ್ಚುಗಾರ್ತಿ ಇದನ್ನು ಕೇಳಿಸಿಕೊಂಡು ಎದ್ದು ಬಂದಳು. ಆಕೆ ಆ ಕಚೇರಿಗೆ ಸೇರಿ ಒಂದು ತಿಂಗಳಾಗಿತ್ತಷ್ಟೆ. ತಿಳಿವಳಿಕೆ ಇನ್ನೂ ಬಂದಿರಲಿಲ್ಲ. ಪರದೆಯ ಕೆಳಗಿನ ಎಡ ಮೂಲೆಯಲ್ಲಿ ಒತ್ತಿದಳು. ಒಂದು ಪಟ್ಟಿ ಮೇಲೆದ್ದಿತು. ಪಟ್ಟಿಯಲ್ಲಿ ಬ್ರೌಸರು ಇತ್ತು.

"ಇಲ್ಲೇ ಇದೆಯಲ್ಲ ಸಾರ್. ಇದನ್ನೇ ಎಳೆದು ಹೊರಗೆ ಇಟ್ಟರೆ ಮುಗೀತು."

ಗುಮಾಸ್ತ ಅವಳ ಕೈಯನ್ನು ಮೌಸಿನ ಮೇಲಿಂದ ಮರ್ಯಾದೆಯಿಂದಲೇ ಸರಿಸಿದ. ಆಮೇಲೆ ಕಪಾಟಿನಿಂದ ಅಧಿಕಾರ ಹಸ್ತಾಂತರದ ಪಟ್ಟಿ ತಂದು ನಮ್ಮಿಬ್ಬರ ಮುಂದೆ ಬಿಡಿಸಿದ. ಆ ಕಚೇರಿಯಲ್ಲಿ ಒಬ್ಬರಿಗೆ ವರ್ಗವಾದಾಗ ಮೇಜಿನ ಮೇಲಿರುವ ಪ್ರತಿಯೊಂದನ್ನೂ ಎಣಿಸಿ ಬಂದವರಿಗೆ ಒಪ್ಪಿಸಿ ಸಹಿ ಪಡೆಯುವುದು ಪದ್ಧತಿ. ಪಟ್ಟಿಯಲ್ಲಿ ಹೀಗಿತ್ತು: ಕುರ್ಚಿ ಎರಡು, ಅದರಲ್ಲಿ ಕೈಯಿಲ್ಲದ್ದು ಒಂದು. ಗುಂಡುಸೂಜಿ ಡಬ್ಬಿ ಒಂದು, ಖಾಲಿ. ಪರದೆ ಒಂದು. ಪರದೆಯ ಮೇಲೆ ಐಕಾನು ಏಳು.

"ಏಳಕ್ಕೆ ನಾನು ಸಹಿ ಹಾಕಿದ್ದೀನಮ್ಮ. ನೀವು ಈಗ ಹೊಸದೊಂದು ತಂದಿಟ್ಟರೆ ಏಳಾಯ್ತು, ಸರಿ. ನಾಳೆ ಹಳೆಯದು ಸಿಕ್ಕಿದರೆ?"

"ಎಂಟಾಗುತ್ತೆ."

"ಎಂಟನೆಯದು ಎಲ್ಲಿಂದ ಬಂತು ಅಂತ ಆಡಿಟ್‌ನವರು ಕೇಳಿದರೆ?"

"ಮೂಲೆಯಿಂದ ಬಂತು ಅಂತ ಹೇಳೋದು."

"ಮೂಲೆ ಪಟ್ಟಿಯಲ್ಲಿ ಇಲ್ಲ," ಎಂದ ಗುಮಾಸ್ತ.

ಮಧ್ಯಾಹ್ನದೊಳಗೆ ಬೆರಳಚ್ಚುಗಾರ್ತಿಗೆ ಹಿಂಬಾಗಿಲ ಪ್ರವೇಶಕ್ಕೆ ಯತ್ನ ಎಂಬ ವಿಷಯದ ಮೇಲೆ ಮೆಮೊ ಸಿಕ್ಕಿತು. ಅದು ಹಿಂಬಾಗಿಲಲ್ಲ, ಎಡ ಮೂಲೆ ಎಂದು ಆಕೆ ಲಿಖಿತ ಉತ್ತರ ಕೊಟ್ಟಳು. ಉತ್ತರವನ್ನು ತಪ್ಪೊಪ್ಪಿಗೆ ಎಂದು ದಾಖಲಿಸಿಕೊಳ್ಳಲಾಯಿತು.

ನಾನು ವ್ಯಾಪಾರಿ. ಬಾಗಿಲು ಕಿರುಗುಟ್ಟಿದರೆ ಎಣ್ಣೆ ಎಲ್ಲಿಗೆ ಬಿಡಬೇಕೆಂದು ಗೊತ್ತಿದೆ. ಮರುದಿನ ಗುಮಾಸ್ತನನ್ನು ಚಹದಂಗಡಿಗೆ ಕರೆದುಕೊಂಡು ಹೋಗಿ ಒಂದು ಲಕೋಟೆ ಕೊಟ್ಟೆ. ಅವನು ಅದನ್ನು ಜೇಬಿಗಿಳಿಸುವ ಮುಂಚೆಯೇ ಹೇಳಿದ: "ತಗೋತೀನಿ. ಆದರೆ ಕೆಲಸ ಆಗಲ್ಲ. ಆಮೇಲೆ ನನ್ನ ತಲೆ ಮೇಲೆ ಗೂಬೆ ಕೂರಿಸಬಾರದು." ತೆಗೆದುಕೊಂಡು ಕೈಕೊಟ್ಟವನನ್ನು ಮೋಸಗಾರ ಎನ್ನಬಹುದು. ಇವನು ಮೊದಲೇ ಹೇಳಿ ತೆಗೆದುಕೊಂಡ. ಅಷ್ಟರಮಟ್ಟಿಗೆ ಆ ಕಚೇರಿಯಲ್ಲಿ ಪ್ರಾಮಾಣಿಕತೆ ಇತ್ತು.

ಮಳೆಯ ಏಳನೆಯ ದಿನ ಕಚೇರಿಯ ಮುಖ್ಯ ಅಧಿಕಾರಿಗಳು ತನಿಖೆಗೆ ಆಜ್ಞೆ ಮಾಡಿದರು. ಮೊದಲು ಸಿಕ್ಕಿದವನು ಜವಾನ. ಘಟನೆಯ ಹಿಂದಿನ ಸಂಜೆ ಅವನು ಒದ್ದೆ ಬಟ್ಟೆಯಿಂದ ಪರದೆ ಒರೆಸಿದ್ದನ್ನು ಮೂವರು ನೋಡಿದ್ದರು.

"ಗಟ್ಟಿಯಾಗಿ ಒರೆಸಿದೆಯಾ, ಮೆತ್ತಗೆ ಒರೆಸಿದೆಯಾ?" ಎಂದು ಅಧಿಕಾರಿಗಳು ಕೇಳಿದರು.

"ಇಪ್ಪತ್ತೆರಡು ವರ್ಷದಿಂದ ಹೇಗೆ ಒರೆಸ್ತಿದ್ದೀನೋ ಹಾಗೇ ಸ್ವಾಮಿ. ಹೊರಗಡೆಯಿಂದ. ಒಳಗಡೆ ಕೈ ಹಾಕೋ ಅಧಿಕಾರ ನನಗೆಲ್ಲಿದೆ?"

"ಒರೆಸಿದ ಮೇಲೆ ಬಟ್ಟೆಯಲ್ಲಿ ನೀಲಿ ಬಣ್ಣ ಏನಾದರೂ ಕಂಡಿತೇ?"

ಜವಾನ ಯೋಚಿಸಿ, "ಬಟ್ಟೆಯೇ ನೀಲಿ ಸ್ವಾಮಿ," ಎಂದ.

ಉತ್ತರ ಸಂಶಯಾಸ್ಪದವಾಗಿ ಕಂಡದ್ದರಿಂದ ಬಟ್ಟೆಯನ್ನು ವಶಪಡಿಸಿಕೊಂಡು, ಪಂಚರ ಸಮಕ್ಷಮ ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಲಾಯಿತು. ಇಬ್ಬರು ಪಂಚರಲ್ಲಿ ನಾನೂ ಒಬ್ಬ. ಹೇಗೂ ಬೆಂಚಿನ ಮೇಲೆ ಕೂತಿದ್ದೆ. ವರದಿ ಹದಿನೆಂಟನೆಯ ದಿನ ಬಂತು. ಬಟ್ಟೆಯಲ್ಲಿ ಧೂಳು, ಚಹದ ಕಲೆ ಮತ್ತು ಸ್ವಲ್ಪ ಗೋಂದು ಕಂಡುಬಂದಿವೆ, ಐಕಾನು ಕಂಡುಬಂದಿಲ್ಲ.

ಅಷ್ಟರಲ್ಲಿ ಕೊಡೆಯ ಮೊದಲ ಇಪ್ಪತ್ತು ದಿನ ಮುಗಿಯುತ್ತ ಬಂದಿತ್ತು. ಕಚೇರಿಯ ಸೂಚನಾ ಫಲಕದಲ್ಲಿ ಹೀಗೊಂದು ಪ್ರಕಟಣೆ ಅಂಟಿಸಿದ್ದರು:

"ಕಾಣೆಯಾಗಿದೆ. ಬ್ರೌಸರಿನ ಐಕಾನು, ಒಂದು. ದುಂಡು ಮುಖ, ನೀಲಿ ಮೈಬಣ್ಣ, ನಡುವೆ ಬಿಳಿಯ ಓರೆಗೆರೆ, ಹೆಬ್ಬೆರಳಿನ ಉಗುರಿನಷ್ಟು ಗಾತ್ರ. ಕೊನೆಯ ಬಾರಿ ಕಂಡಾಗ ಪರದೆಯ ಎಡಗಡೆ, ಮೇಲಿನಿಂದ ಮೂರನೆಯ ಸ್ಥಾನದಲ್ಲಿತ್ತು. ಸುಳಿವು ನೀಡಿದವರಿಗೆ ಪ್ರಶಂಸಾ ಪತ್ರ ನೀಡಲಾಗುವುದು. ಸುಳಿವನ್ನು ಇಲಾಖೆಯ ವೆಬ್‌ಸೈಟಿನಲ್ಲಿ ಮಾತ್ರ ಸಲ್ಲಿಸತಕ್ಕದ್ದು."

ಇಪ್ಪತ್ತೆರಡನೆಯ ದಿನ ನನ್ನ ತಂಗಿ ಅಂಗಡಿಗೆ ಬೀಗ ಹಾಕಿ ಕಚೇರಿಗೆ ಬಂದಳು. ಅವಳ ಹನ್ನೊಂದು ಕೊಡೆಗಳು ಆ ನಾಲ್ಕನೆಯ ದಿನವೇ ಖಾಲಿಯಾಗಿದ್ದವು. ಬಂದವಳು ಸೆರಗು ಹಿಂಡಿಕೊಂಡು ನೇರ ಅಧಿಕಾರಿಗಳ ಕೋಣೆಗೇ ಹೋದಳು. ನಾನು ಹಿಂದೆ ಹೋದೆ.

"ಸಾರ್, ಬಸ್ ನಿಲ್ದಾಣದಲ್ಲಿ ಜನ ತಲೆ ಮೇಲೆ ಪ್ಲಾಸ್ಟಿಕ್ ಚೀಲ ಹಾಕ್ಕೊಂಡು ನಿಂತಿದ್ದಾರೆ. ನನ್ನ ಅಂಗಡಿ ಮುಂದೆಯೇ ನಿಂತು, ಕೊಡೆ ಯಾವಾಗ ಬರುತ್ತಕ್ಕಾ ಅಂತಾರೆ. ನಾನೇನು ಹೇಳಲಿ?"

"ಪರಿಶೀಲನೆಯಲ್ಲಿದೆ ಅಂತ ಹೇಳಿ ತಾಯಿ."

"ನಿಮ್ಮ ಮನೆಯಲ್ಲಿ ದೀಪದ ಸ್ವಿಚ್ಚು ಕೆಟ್ಟರೆ ಹದಿನೆಂಟು ದಿನ ಕತ್ತಲಲ್ಲೇ ಕೂರ್ತೀರಾ?"

"ಮನೆ ಬೇರೆ, ಕಚೇರಿ ಬೇರೆ. ಮನೆಯಲ್ಲಿ ನಾನು ಯಾರಿಗೂ ಉತ್ತರ ಕೊಡಬೇಕಾಗಿಲ್ಲ."

"ನಿಮ್ಮ ಹೆಂಡತಿಗೆ?"

"ಅವರು ಲಿಖಿತವಾಗಿ ಕೇಳೋಲ್ಲ," ಎಂದರು ಅಧಿಕಾರಿಗಳು.

ಹೊರಗೆ ಬಂದ ಮೇಲೆ ತಂಗಿ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. "ಅಣ್ಣ, ನೀನು ಇಲ್ಲಿಗೆ ಬಂದು ಮಾಡೋದಾದರೂ ಏನು? ಬೆಂಚು ಬಿಸಿ ಮಾಡೋದಾ?"

"ಬೆಂಚು ಬಿಟ್ಟರೆ ಸರದಿ ಹೋಗುತ್ತೆ ಕಣೆ."

"ಯಾವ ಸರದಿ? ಮುಂದೆಯೂ ಯಾರೂ ಇಲ್ಲ, ಹಿಂದೆಯೂ ಯಾರೂ ಇಲ್ಲ."

"ಅದಕ್ಕೇ ಬಿಡಬಾರದು. ಇಂಥ ಸರದಿ ಮತ್ತೆ ಸಿಗಲ್ಲ."

ಅವಳ ಮಾತಿನಿಂದ ಕಚೇರಿ ಚುರುಕಾಯಿತು ಎಂಬುದನ್ನು ಒಪ್ಪಬೇಕು. ಐಕಾನು ಇರುವ ಕಚೇರಿಗಳಲ್ಲಿ ಅದನ್ನು ಹೇಗೆ ಇಟ್ಟುಕೊಂಡಿದ್ದಾರೆ ಎಂಬುದನ್ನು ಅಭ್ಯಸಿಸಲು ಅಧಿಕಾರಿಗಳು, ಇನ್ಸ್‌ಪೆಕ್ಟರು ಮತ್ತು ಗುಮಾಸ್ತ, ಮೂವರ ತಂಡ ಪ್ರವಾಸ ಹೊರಟಿತು. ಪ್ರವಾಸ ಒಂಬತ್ತು ದಿನದ್ದು. ಕೊನೆಯ ನಾಲ್ಕು ದಿನ ಸಮುದ್ರತೀರದ ಕಚೇರಿಯ ಅಧ್ಯಯನ. ಆ ಕಚೇರಿಯಲ್ಲಿ ಕಂಪ್ಯೂಟರು ಇಲ್ಲ. ಇಲ್ಲದಿರುವುದರ ಅನುಕೂಲಗಳನ್ನು ತಿಳಿಯಲು ಹೋದದ್ದು. ಹಿಂತಿರುಗಿ ಬಂದು ಸಲ್ಲಿಸಿದ ನಲವತ್ತು ಪುಟದ ವರದಿಯ ಸಾರಾಂಶ: ಇತರ ಕಚೇರಿಗಳಲ್ಲಿ ಐಕಾನು ಅದರ ಜಾಗದಲ್ಲಿದೆ, ನಮ್ಮಲ್ಲಿ ಇಲ್ಲ, ದುರಸ್ತಿ ಅಗತ್ಯ.

ದುರಸ್ತಿ ಎಂಬ ಆ ಒಂದು ಮಾತಿನಿಂದ ಗಂಟು ಸಡಿಲವಾಯಿತು. ಹೊಸದನ್ನು ತಂದರೆ ಎಣಿಕೆ ಹೆಚ್ಚಾಗುವ ಭಯ. ಇದ್ದ ಜಾಗದಲ್ಲೇ ಇದ್ದದ್ದನ್ನು ದುರಸ್ತಿ ಮಾಡಿದರೆ ಎಣಿಕೆ ಏಳೇ. ಹಳೆಯದು ಸಿಕ್ಕಿದರೂ, ದುರಸ್ತಿಯಾದದ್ದು ಅದೇ ಎಂದುಬಿಡಬಹುದು. ಕೂಡಲೇ ಮೂರು ದರಪಟ್ಟಿಗಳನ್ನು ಆಹ್ವಾನಿಸಲಾಯಿತು. ಬೇಕಾದ ವಿವರವನ್ನು ಗುಮಾಸ್ತ ನೆನಪಿನಿಂದ ಬರೆದ: ದುಂಡು, ನೀಲಿ, ನಡುವೆ ಬಿಳಿಯ ಓರೆಗೆರೆ, ಹೆಬ್ಬೆರಳಿನ ಉಗುರಿನಷ್ಟು, ಎಡಗಡೆ ಮೇಲಿನಿಂದ ಮೂರನೆಯದು, ದೂರದಿಂದಲೂ ಕಾಣಬೇಕು.

ಮೊದಲ ದರಪಟ್ಟಿ ಕಂಪ್ಯೂಟರ್ ರಿಪೇರಿಯವನದು. ಅವನು ಬಂದು ನೋಡಿ ನಕ್ಕ. "ಎರಡು ನಿಮಿಷದ ಕೆಲಸ ಸಾರ್. ಇದಕ್ಕೆಲ್ಲ ದುಡ್ಡು ತಗೊಳ್ಳೋದಾ? ಹಾಗೇ ಮಾಡ್ಕೊಡ್ತೀನಿ." ದರಪಟ್ಟಿಯಲ್ಲಿ ದರ ನಮೂದಿಸಿಲ್ಲವಾದ್ದರಿಂದ ಅದನ್ನು ತಿರಸ್ಕರಿಸಲಾಯಿತು. ಒಂದು ರೂಪಾಯಿಯನ್ನಾದರೂ ಬರೆ ಎಂದು ನಾನು ಅವನ ಕಿವಿಯಲ್ಲಿ ಹೇಳಿದೆ. ಬರೆದ. ಒಂದು ರೂಪಾಯಿ ಅನುಮಾನಾಸ್ಪದವಾಗಿ ಕಡಿಮೆ ಎಂದು ಮತ್ತೆ ತಿರಸ್ಕರಿಸಿದರು.

ಎರಡನೆಯದು ಅಧಿಕಾರಿಗಳ ಷಡ್ಡಕನದು. ಕಾಗದ, ಪೆನ್ನು ಸರಬರಾಜು ಮಾಡುವಾತ. ಪೆಟ್ಟಿಗೆಯಲ್ಲಿ ಭದ್ರವಾಗಿ ಕಟ್ಟಿದ ಹೊಚ್ಚಹೊಸ ಐಕಾನು, ಎರಡು ವರ್ಷದ ವಾರಂಟಿ ಸಮೇತ, ಸಾಗಣೆ ಬೇರೆ. ದರ ಎಲ್ಲಕ್ಕಿಂತ ಚೆನ್ನಾಗಿತ್ತು. ಆದರೆ ಅದು ಹೊಸದು, ದುರಸ್ತಿಯಲ್ಲ. ಅಧಿಕಾರಿಗಳು ನಿಷ್ಪಕ್ಷಪಾತಿಗಳಾಗಿದ್ದರಿಂದ ಅದನ್ನೂ ತಳ್ಳಿಹಾಕಿದರು. ಷಡ್ಡಕ ಬರಿಗೈಯಲ್ಲಿ ಹೋಗಬಾರದೆಂದು ಕಂಪ್ಯೂಟರಿಗೆ ರೆಕ್ಸಿನ್ ಹೊದಿಕೆ ಒದಗಿಸುವ ಆದೇಶವನ್ನು ಅವನಿಗೆ ಕೊಟ್ಟರು. ಆರು ಹೊದಿಕೆಗಳು.

ಉಳಿದದ್ದು ಬೋರ್ಡು ಬರೆಯುವ ಪೇಂಟರ್. ಅಂಗಡಿಗಳ ಫಲಕ, ಲಾರಿಗಳ ಹಿಂಭಾಗ ಬರೆಯುವವನು. ಅವನ ದರ ಇತ್ತು, ದುರಸ್ತಿ ಎಂದು ಬರೆದಿತ್ತು, ವಿವರದಲ್ಲಿದ್ದ ಪ್ರತಿಯೊಂದು ಅಂಶಕ್ಕೂ ಆಗುತ್ತದೆ ಎಂದು ಉತ್ತರಿಸಿದ್ದ. ಗುತ್ತಿಗೆ ಅವನಿಗೆ ಹೋಯಿತು.

ಐವತ್ತೆಂಟನೆಯ ದಿನ ಬೆಳಿಗ್ಗೆ ಅವನು ಮೂರು ಕುಂಚ, ನಾಲ್ಕು ಡಬ್ಬಿ ಬಣ್ಣ ತಂದು ಪರದೆಯ ಮುಂದೆ ಕೂತ. ನಾವೆಲ್ಲ ಸುತ್ತ ನಿಂತೆವು. ಕೈ ಒಳ್ಳೆಯದಿತ್ತು. ಮೊದಲು ಬಿಳಿ ಬಳಿದು, ಒಣಗಿಸಿ, ನೀಲಿ ತುಂಬಿಸಿ, ಓರೆಗೆರೆ ಎಳೆದ. ಆಮೇಲೆ ಕೆಳಗೆ ತೆಳ್ಳಗೆ ನೆರಳು ಕೊಟ್ಟ.

"ನೆರಳು ವಿವರದಲ್ಲಿ ಇಲ್ಲವಲ್ಲ," ಎಂದ ಗುಮಾಸ್ತ.

"ನೆರಳಿಗೆ ದುಡ್ಡಿಲ್ಲ ಸಾರ್. ಉಬ್ಬಿ ಬಂದ ಹಾಗೆ ಕಾಣಲಿ ಅಂತ. ಪಕ್ಕದಲ್ಲಿ ಒಂದು ಸಣ್ಣ ಹೂವು ಹಾಕಲಾ?"

"ಬೇಡ. ಹೂವು ಹಾಕಿದರೆ ಎಂಟಾಗುತ್ತೆ."

ಬಣ್ಣ ಒಣಗಿದ ಮೇಲೆ ಅಧಿಕಾರಿಗಳು ಬಂದು ಎಣಿಸಿದರು. ಏಳು. ಇನ್ನೊಮ್ಮೆ ಕೆಳಗಿನಿಂದ ಮೇಲಕ್ಕೆ ಎಣಿಸಿದರು. ಏಳು. ಗುಮಾಸ್ತನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ಐವತ್ನಾಲ್ಕು ದಿನ ಅವನು ಸರಿಯಾಗಿ ನಿದ್ದೆ ಮಾಡಿರಲಿಲ್ಲವಂತೆ.

ಅಧಿಕಾರಿಗಳು ಮೌಸು ಹಿಡಿದು ಬಾಣವನ್ನು ಹೊಸ ಐಕಾನಿನ ಅಡಿಗೆ ತಂದು ಎರಡು ಬಾರಿ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಆಗಲಿಲ್ಲ.

"ಬಣ್ಣ ಇನ್ನೂ ಹಸಿ ಇರಬೇಕು," ಎಂದರು ಇನ್ಸ್‌ಪೆಕ್ಟರು.

ಬೆರಳಚ್ಚುಗಾರ್ತಿ ಏನೋ ಹೇಳಲು ಬಾಯಿ ತೆರೆದಳು. ಮೆಮೊ ನೆನಪಾಗಿ ಮುಚ್ಚಿದಳು.

ಇಷ್ಟು ದಿನ ಆ ಬೆಂಚಿನ ಮೇಲೆ ಕೂತು ನಾನು ಸುಮ್ಮನೆ ಕಾಲ ಕಳೆದಿರಲಿಲ್ಲ. ಎದುರಿನ ಗೋಡೆಗೆ ಇಲಾಖೆಯ ಸುತ್ತೋಲೆಯನ್ನು ಮೊಳೆ ಹೊಡೆದು ಹಾಕಿದ್ದರು. ಅದನ್ನು ಬಾಯಿಪಾಠವಾಗುವಷ್ಟು ಓದಿದ್ದೆ. ಸಣ್ಣಕ್ಷರ ಓದದ ವ್ಯಾಪಾರಿ ಬಹಳ ದಿನ ವ್ಯಾಪಾರಿಯಾಗಿ ಉಳಿಯುವುದಿಲ್ಲ. ನಾಲ್ಕನೆಯ ಕಲಮು ಹೀಗಿತ್ತು: "ಐಕಾನನ್ನು ಒತ್ತಿದ ಹದಿನೈದು ನಿಮಿಷಗಳೊಳಗಾಗಿ ವೆಬ್‌ಸೈಟು ತೆರೆಯದಿದ್ದ ಪಕ್ಷದಲ್ಲಿ, ಅಧಿಕಾರಿಯು ಕೈಬರಹದ ಆದೇಶ ಹೊರಡಿಸಬಹುದು."

ನಾನು ಅದನ್ನು ಗಟ್ಟಿಯಾಗಿ ಓದಿದೆ.

ಅಧಿಕಾರಿಗಳು ಕನ್ನಡಕ ಹಾಕಿಕೊಂಡು ತಾವೂ ಓದಿದರು. "ಈ ಕಲಮು ಮೊದಲಿಂದಲೂ ಇತ್ತೇ?"

"ಇತ್ತು ಸ್ವಾಮಿ. ಆದರೆ ಒತ್ತೋದಕ್ಕೆ ಐಕಾನು ಇರಲಿಲ್ಲವಲ್ಲ," ಎಂದೆ.

"ಹೌದು," ಎಂದರು ಅವರು. "ಒತ್ತದೆ ಬಳಸಿದ್ದರೆ ನಿಯಮಬಾಹಿರ ಆಗುತ್ತಿತ್ತು."

ಹದಿನೈದು ನಿಮಿಷ ಎಲ್ಲರೂ ಪರದೆಯ ಮುಂದೆ ನಿಂತೆವು. ಹದಿನಾರನೆಯ ನಿಮಿಷಕ್ಕೆ ನನ್ನ ಬಿಡುಗಡೆ ಆದೇಶ, ಅಂದವಾದ ಕೈಬರಹದಲ್ಲಿ, ನನ್ನ ಕೈಯಲ್ಲಿತ್ತು.

ಮಳೆಗೆ ಉಳಿದಿದ್ದದ್ದು ಹನ್ನೆರಡು ದಿನ. ತಂಗಿ ಹಗಲಿಡೀ ಅಂಗಡಿಯ ಮುಂದೆ ನಿಂತು ಕೂಗಿ ಮುನ್ನೂರ ಹನ್ನೆರಡು ಕೊಡೆ ಮಾರಿದಳು. ಹದಿಮೂರನೆಯ ದಿನ ಬಿಸಿಲು ಬಂತು. ಮೂರು ಸಾವಿರದ ಆರುನೂರ ಎಂಬತ್ತೆಂಟು ಕೊಡೆಗಳು ಉಳಿದವು. ತಂಗಿ ಅಂಗಡಿಯ ಅರ್ಧವನ್ನು ಕೀಲಿಕೈ ಮಾಡುವವನಿಗೆ ಬಾಡಿಗೆಗೆ ಕೊಟ್ಟಳು; ಉಳಿದರ್ಧದಲ್ಲಿ ಮುರಿದ ಕೊಡೆಗೆ ಕಡ್ಡಿ ಕಟ್ಟುತ್ತ ಕೂತಳು. ಹೀಗೂ ಒಂದು ವರ್ಷ ತಳ್ಳಬಹುದು ಎಂದಳು. ಅಳಲಿಲ್ಲ. ನಮ್ಮ ಮನೆತನದಲ್ಲಿ ಮಾಲು ಉಳಿದರೆ ಅಳುವುದಿಲ್ಲ, ಮೂಲೆಗೆ ಒಟ್ಟಿ ಮುಂದಿನ ಮಳೆ ಕಾಯುತ್ತೇವೆ.

ಇತ್ತ ಕಚೇರಿಗೆ ಶುಕ್ರದೆಸೆ ತಿರುಗಿತು. ನಿಜವಾದ ಐಕಾನು ಇದ್ದ ಕಾಲದಲ್ಲಿ ವೆಬ್‌ಸೈಟು ತೆರೆದು, ಅರ್ಜಿ ತುಂಬಿ, ಅದು ನಡುವೆ ನಿಂತು, ಮತ್ತೆ ತುಂಬಿ, ಒಂದು ಆದೇಶ ಹೊರಡಲು ಮೂರು ದಿನ ಬೇಕಿತ್ತು. ಈಗ ಹದಿನೈದು ನಿಮಿಷ ಸಾಕು. ಅಕ್ಕಪಕ್ಕದ ಊರಿನವರೂ ತಮ್ಮ ಅರ್ಜಿ ಹಿಡಿದು ಇಲ್ಲಿಗೇ ಬರತೊಡಗಿದರು. ಕೇಂದ್ರ ಕಚೇರಿಯಿಂದ ತಂಡ ಬಂದು, ನೋಡಿ, ಒತ್ತಿ, ಕಾದು, ತೃಪ್ತಿಪಟ್ಟು ಹೋಯಿತು. ಹದಿನೈದು ದಿನದಲ್ಲಿ ಎಲ್ಲ ಶಾಖೆಗಳಿಗೂ ಆದೇಶ ಹೋಯಿತು: ಬ್ರೌಸರಿನ ಐಕಾನುಗಳನ್ನು ಕೂಡಲೇ ದುರಸ್ತಿ ಮಾಡಿಸತಕ್ಕದ್ದು, ದುರಸ್ತಿಗೆ ಮುನ್ನ ಈಗಿರುವ ಐಕಾನನ್ನು ತೆಗೆದುಹಾಕತಕ್ಕದ್ದು, ತಪ್ಪಿದಲ್ಲಿ ಎಣಿಕೆ ಎಂಟಾದೀತು.

ಪೇಂಟರನಿಗೆ ಈಗ ಲಾರಿ ಬರೆಯಲು ಪುರುಸೊತ್ತಿಲ್ಲ. ಜವಾನನಿಗೆ ಪರದೆ ಮುಟ್ಟಬಾರದೆಂದು ಲಿಖಿತ ಸೂಚನೆ ಇದೆ; ಧೂಳು ಕೂತು ಉಳಿದ ಆರು ಐಕಾನುಗಳು ಕಾಣುವುದಿಲ್ಲವಾದರೂ ಏಳನೆಯದು ಬಾಗಿಲಿನಿಂದಲೇ ಕಾಣುತ್ತದೆ. ಬೆರಳಚ್ಚುಗಾರ್ತಿಯ ಮೆಮೊ ಹಿಂತೆಗೆದುಕೊಂಡು, ಹದಿನೈದು ನಿಮಿಷ ಎಣಿಸುವ ಹೊಣೆಯನ್ನು ಆಕೆಗೆ ಒಪ್ಪಿಸಿ, ಒಂದು ಕೈಗಡಿಯಾರ ಕೊಟ್ಟಿದ್ದಾರೆ. ಆಕೆಗೆ ತಿಳಿವಳಿಕೆ ಬಂದಿದೆ ಎಂದು ಗುಮಾಸ್ತ ಹೇಳುತ್ತಾನೆ.

ಬೇಸಿಗೆಯ ಆರಂಭದಲ್ಲಿ ನನಗೆ ಮತ್ತೆ ಅಲ್ಲಿ ಕೆಲಸ ಬಿತ್ತು. ಗೋದಾಮು ಊರ ಹೊರಗಿದೆ. ಅಷ್ಟು ಕೊಡೆಗಳನ್ನು ಮುಂದಿನ ಮಳೆಯವರೆಗೆ ಕಾಯುವುದೆಂದರೆ ಕಾವಲುಗಾರನೊಬ್ಬ ಬೇಕು. ಕಾವಲುಗಾರ ನಿದ್ದೆ ಮಾಡುತ್ತಾನೆ. ಸರ್ಕಾರದ ಮೊಹರು ನಿದ್ದೆ ಮಾಡುವುದಿಲ್ಲ. ಅರುವತ್ತು ದಿನ ಅದು ಬಾಗಿಲ ಮೇಲಿದ್ದಾಗ ಕಳ್ಳನಿರಲಿ, ನಾನೇ ಒಳಗೆ ಹೋಗಲಾಗಿರಲಿಲ್ಲ. ಆದ್ದರಿಂದ ನನ್ನ ಗೋದಾಮಿಗೆ ಮತ್ತೊಮ್ಮೆ ಮೊಹರು ಹಾಕಿಕೊಡಿ ಎಂದು ಅರ್ಜಿ ಬರೆದು, ತಂಗಿಯನ್ನೂ ಕರೆದುಕೊಂಡು ಹೋದೆ. ಮಳೆ ಬಿದ್ದ ಮೊದಲ ದಿನವೇ ಬಿಡುಗಡೆ ಎಂಬ ಸಾಲನ್ನು ಅವಳೇ ಬರೆಸಿದ್ದಳು.

"ಒತ್ತಿ ಯಜಮಾನ್ರೇ," ಎಂದ ಗುಮಾಸ್ತ. ಈಗ ಸಾರ್ವಜನಿಕರೂ ಒತ್ತಬಹುದು. ಮೌಸು ಬೇಕಿಲ್ಲ, ಬೆರಳು ಸಾಕು.

ನಾನು ಬೆರಳಿಂದ ಒತ್ತಿದೆ. ಬೆರಳಚ್ಚುಗಾರ್ತಿ ಗಡಿಯಾರ ನೋಡಿಕೊಂಡಳು. ಬೆಂಚಿನ ಮೇಲೆ ಹತ್ತು ಹನ್ನೆರಡು ಜನ ತಮ್ಮ ತಮ್ಮ ಅರ್ಜಿ ಹಿಡಿದು ಮೌನವಾಗಿ ಕೂತಿದ್ದರು. ಹದಿಮೂರು ನಿಮಿಷ ಕಳೆದಿರಬೇಕು, ಕರೆಂಟಿನಲ್ಲಿ ಏನೋ ಏರುಪೇರಾಗಿ ಪರದೆ ಒಮ್ಮೆ ಮಿಣಕ್ಕೆಂದಿತು. ಕೋಣೆಯಲ್ಲಿದ್ದವರೆಲ್ಲ ಎದ್ದು ನಿಂತರು.

ತಂಗಿ ನನ್ನ ತೋಳು ಹಿಡಿದುಕೊಂಡಳು. "ಅಣ್ಣ, ಎಲ್ಲಾದರೂ ತೆರೆದುಬಿಟ್ಟರೆ?"

"ಸುಮ್ಮನಿರೆ," ಎಂದೆ. "ಒಳ್ಳೆ ಕೆಲಸಕ್ಕೆ ಬಂದಾಗ ಕೆಟ್ಟ ಮಾತು ಆಡಬಾರದು."

ಪರದೆ ಮೊದಲಿನ ಹಾಗೆ ನಿಂತಿತು. ಯಾರೂ ಕೂರಲಿಲ್ಲ.

"ಹದಿನೈದು," ಎಂದಳು ಬೆರಳಚ್ಚುಗಾರ್ತಿ.

ಎಲ್ಲರೂ ಉಸಿರು ಬಿಟ್ಟರು. ಗುಮಾಸ್ತ ಹಣೆ ಒರೆಸಿಕೊಂಡು ಪೆನ್ನಿನ ಮುಚ್ಚಳ ತೆಗೆದ.